ಮರಿ ಸೇರಿಸುವ ಆಟ

ಒದ್ದೆ ಕಂಬಳಿಯ ವಾಸನೆ ಗೊತ್ತಿರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಉಣ್ಣೆಯ ಜಿಡ್ಡು, ಹುಣಸೆಬೀಜದ ಗಂಜಿ, ಹೊಗೆ, ಕುರಿ ಮೈಯ ಬಿಸಿ, ಎಲ್ಲ ಕಲೆತ ಒಂದು ವಾಸನೆ ಅದು. ನಮ್ಮ ಮೈಲಾರಿ ಮಾಮನ ಕಂಬಳಿಯಲ್ಲಿ ಇದರ ಜೊತೆಗೆ ಇನ್ನೊಂದು ಸೇರಿತ್ತು: ಸ್ಟೇಜಿಗೆ ಹತ್ತುವ ಮುಂಚೆ ಮುಖಕ್ಕೆ ಬಡಿದುಕೊಳ್ಳುತ್ತಿದ್ದ ಗುಲಾಬಿ ಪೌಡರಿನ ಘಮ. ಹೋದ ಮಳೆಗಾಲದಲ್ಲಿ ಚಿತ್ರದುರ್ಗದ ನಮ್ಮ ಮನೆಯ ಅಟ್ಟ ಸೋರಿ, ಅವನ ಟ್ರಂಕಿನೊಳಗೆ ನೀರಿಳಿದಿತ್ತು. ಬಿಸಿಲು ಬಿದ್ದ ದಿನ ಕಂಬಳಿ, ಕರಿ ಕೋಟು, ಅವನು ಬರೆದು ಅಚ್ಚು ಹಾಕಿಸಿದ ಮೂರು ಸಣ್ಣ ಪುಸ್ತಕ, ಒಂದು ಉದ್ದ ನೋಟುಬುಕ್ಕು, ಎಲ್ಲವನ್ನೂ ತಾರಸಿಯ ಮೇಲೆ ಹರವಿದೆ. ಕಂಬಳಿ ಕೊಡವಿದ್ದೇ ತಡ, ಆ ವಾಸನೆ ಎದ್ದು ಬಂತು. ಐವತ್ತರ ಹತ್ತಿರ ಬಂದ ನಾನು ತಾರಸಿಯ ಮೇಲೆ ನಿಂತಲ್ಲೇ ಎಂಟು ವರ್ಷದ ರೇಣಿಯಾಗಿಬಿಟ್ಟೆ. ಎದೆ ಢವಢವ ಹೊಡೆದುಕೊಳ್ಳತೊಡಗಿತು, ಥೇಟು ಮಾಮ ಸ್ಟೇಜಿನ ಮೇಲೆ ಬರುವ ಹೊತ್ತಿಗೆ ಹೊಡೆದುಕೊಳ್ಳುತ್ತಿದ್ದ ಹಾಗೆ.

ಮತ್ತೋಡಿನಲ್ಲಿ ನನ್ನ ತಾಯಿಯ ತವರುಮನೆ. ಅಪ್ಪನಿಗೆ ಹಿರಿಯೂರಿನ ಕಡೆ ಕರೆಂಟಿನ ಇಲಾಖೆಯಲ್ಲಿ ಕೆಲಸ, ವರ್ಷಕ್ಕೊಂದು ಊರು. ಹಾಗಾಗಿ ನನ್ನ ಶಾಲೆ, ಊಟ, ಏಟು ಎಲ್ಲ ಅಜ್ಜಿಯ ಮನೆಯಲ್ಲೇ ಆಯಿತು. ಮನೆ ಎಂದರೆ ಮುಂದೆ ಎರಡು ಅಂಕಣ, ಹಿಂದೆ ಮುಳ್ಳುಬೇಲಿಯ ಕುರಿರೊಪ್ಪ. ಮನೆಗಿಂತ ರೊಪ್ಪವೇ ದೊಡ್ಡದು, ರೊಪ್ಪಕ್ಕಿಂತ ಅಜ್ಜಿಯ ದನಿ ದೊಡ್ಡದು. ಅಜ್ಜಿಯ ಹೆಸರು ಕೆಂಚವ್ವ. ಬೆಳಗ್ಗೆ ತಾಯಿಕುರಿಗಳು ಮೇಯಲು ಹೊರಟರೆ ಎಳೆಮರಿಗಳೆಲ್ಲ ರೊಪ್ಪದ ಮೂಲೆಯ ಗೂಡಿನಲ್ಲಿ ಉಳಿಯುತ್ತಿದ್ದವು. ಸಂಜೆ ಮಂದೆ ವಾಪಸ್ಸು ಬರುವ ಹೊತ್ತಿಗೆ ನೋಡಬೇಕಿತ್ತು ನೀವು ಆ ಗಲಾಟೆಯನ್ನು! ಗೂಡಿನೊಳಗಿಂದ ಐವತ್ತು ಮರಿ ಕೂಗಿದರೆ ಹೊರಗಿನಿಂದ ಐವತ್ತು ತಾಯಿ ಕೂಗಬೇಕು. ಧೂಳಿನಲ್ಲಿ ಯಾರ ಮುಖ ಯಾರಿಗೂ ಕಾಣದು. ಅಜ್ಜಿ ಗೂಡಿನ ಬಾಯಲ್ಲಿ ಕಲ್ಲಿನ ಮೇಲೆ ಕುಳಿತು ಒಂದೊಂದೇ ಮರಿಯನ್ನು ಎತ್ತಿ, ಅದರ ಮುಖವನ್ನೂ ನೋಡದೆ, ಅದರದೇ ತಾಯಿಯ ಕೆಚ್ಚಲಿಗೆ ಹಚ್ಚುತ್ತಿದ್ದಳು. ಒಂದು ದಿನವೂ ತಪ್ಪಿದ್ದು ನಾನು ಕಾಣೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, ಮರಿಯನ್ನು ನೋಡಬಾರದು, ತಾಯಿಯನ್ನು ನೋಡಬೇಕು, ತನ್ನ ಮರಿ ನನ್ನ ಕೈಗೆ ಬಂದ ಗಳಿಗೆಗೆ ಆ ತಾಯಿ ಕೂಗುವುದನ್ನು ನಿಲ್ಲಿಸುತ್ತದೆ ಎಂದಿದ್ದಳು. ಇದಕ್ಕೆ ನಾವು ಮರಿ ಸೇರಿಸುವುದು ಎನ್ನುತ್ತಿದ್ದೆವು. ನನ್ನ ಮಾಮ ಊರೂರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ವಿದ್ಯೆ ಇಷ್ಟೇ. ಆದರೆ ಇಷ್ಟೇ ಎನ್ನುವುದಕ್ಕೆ ಅವನ ಆಟ ನೋಡಿರಬೇಕು.

ಮೈಲಾರಿ ಮಾಮ ಅಜ್ಜಿಯ ಒಬ್ಬನೇ ಮಗ, ನನ್ನ ತಾಯಿಯ ತಮ್ಮ. ತೆಳ್ಳಗೆ, ಉದ್ದಕ್ಕೆ, ಮಾತು ಕಮ್ಮಿ. ಏಳನೇ ಕ್ಲಾಸು ಎರಡು ಸಲ ಕುಳಿತು ಕುರಿಗೆ ಹೋದವನು. ಕಾಯುವುದರಲ್ಲಿ ಮನಸ್ಸಿರಲಿಲ್ಲ, ಮನಸ್ಸೆಲ್ಲ ಜನರ ಮನಸ್ಸಿನ ಮೇಲೇ. ಬಸ್ಟ್ಯಾಂಡಿನಲ್ಲಿ ಕುಳಿತವರನ್ನು ನೋಡಿ ಇವನು ಯಾವ ಬಸ್ಸಿಗೆ ಕಾಯುತ್ತಿದ್ದಾನೆ, ಇವಳು ಜಗಳವಾಡಿ ಹೊರಟಳೋ ಹಬ್ಬಕ್ಕೆ ಹೊರಟಳೋ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ನನಗಾಗ ಐದು ವರ್ಷ. ಹೊಸದುರ್ಗಕ್ಕೆ ಯಾರೋ ಹೊರಗಿನವರು ಬಂದಿದ್ದಾರೆ, ಕಣ್ಣು ಕಟ್ಟಿಕೊಂಡು ಜನರ ಮನಸ್ಸಿನಲ್ಲಿರುವುದನ್ನು ಹೇಳುತ್ತಾರೆ ಎಂಬ ಸುದ್ದಿ ಬಂತು. ಮಾಮ ಮಂದೆಯನ್ನು ಗುಡ್ಡದ ಓರೆಯಲ್ಲಿ ಬಿಟ್ಟು ಬಸ್ಸು ಹತ್ತಿಬಿಟ್ಟ. ಬಿಟ್ಟದ್ದು ಯಾವ ಧೈರ್ಯದ ಮೇಲೆ ಎಂದರೆ, ಬೆಳ್ಳಕ್ಕನ ಮೇಲೆ. ಬೆಳ್ಳಕ್ಕ ಎಂದರೆ ಮಂದೆಯ ಮುಂದೆ ನಡೆಯುವ ಕುರಿ, ಕೊರಳಲ್ಲಿ ಕಂಚಿನ ಗಂಟೆ, ಅಜ್ಜಿ ಬೆರಳಿನಲ್ಲಿ ಹಾಲು ನೆಕ್ಕಿಸಿ ಸಾಕಿದ್ದು. ಹೊತ್ತು ಇಳಿದರೆ ಅದೇ ದಾರಿ ಹಿಡಿದು ಎಲ್ಲವನ್ನೂ ಮನೆಗೆ ತರುತ್ತಿತ್ತು. ಆವತ್ತೂ ತಂದಿತು. ಅಂದರೆ, ಮಂದೆಯೆಲ್ಲ ಬಂತು, ಬೆಳ್ಳಕ್ಕ ಬರಲಿಲ್ಲ. ತೋಳ ಮುಂದಿನದನ್ನೇ ಹಿಡಿದಿತ್ತು. ಮಾರನೆಯ ದಿನ ಮಾಮ ಗುಡ್ಡವೆಲ್ಲ ಹುಡುಕಿ ಪಟ್ಟಿ ಹರಿದ ಗಂಟೆಯೊಂದನ್ನು ತಂದು ಅಜ್ಜಿಯ ಮುಂದೆ ಹಿಡಿದ.

ಅಜ್ಜಿ ಕೈ ಚಾಚಲಿಲ್ಲ. ಬೈಯಲಿಲ್ಲ, ಅಳಲೂ ಇಲ್ಲ. ಮಾಮ ಗಂಟೆಯನ್ನು ನೆಲದ ಮೇಲೆ ಇಟ್ಟ. ಆಮೇಲೆ ಅಜ್ಜಿ ಬಗ್ಗಿ ಅದನ್ನು ಎತ್ತಿಕೊಂಡಳು. ಆ ದಿನದಿಂದ ಅಜ್ಜಿ ಮಗನ ಕೈಯಿಂದ ಏನನ್ನೂ ಇಸಿದುಕೊಳ್ಳಲಿಲ್ಲ. ನೀರು ತಂದರೆ ಕೆಳಗಿಡಬೇಕು, ಅವಳು ಎತ್ತಿಕೊಳ್ಳುವಳು. ಸಂತೆಯಿಂದ ಎಲೆ ಅಡಿಕೆ ತಂದರೂ ಹಾಗೆಯೇ, ಯುಗಾದಿಗೆ ಸೀರೆ ತಂದರೂ ಹಾಗೆಯೇ. ಮಾತಿಗೆ ಕೊರತೆಯಿರಲಿಲ್ಲ, ಊಟಕ್ಕೆ ಕೊರತೆಯಿರಲಿಲ್ಲ, ಬಿಸಿ ಮುದ್ದೆಯನ್ನು ಅವಳೇ ಬಡಿಸುತ್ತಿದ್ದಳು. ಕೊಡುವುದಕ್ಕೆ ಅಡ್ಡಿಯಿಲ್ಲ, ತೆಗೆದುಕೊಳ್ಳುವುದಕ್ಕೆ ಮಾತ್ರ ಕೈ ಇಲ್ಲ. ಬಂದ ನೆಂಟರು ಇದು ಈ ಮನೆಯ ಯಾವುದೋ ಹರಕೆ ಇರಬೇಕೆಂದುಕೊಳ್ಳುತ್ತಿದ್ದರು. ನಾನೂ ಬಹಳ ದಿನ ಹಾಗೇ ಎಂದುಕೊಂಡಿದ್ದೆ. ಒಮ್ಮೆ ಮಾಮನನ್ನು ಕೇಳಿಯೂ ಬಿಟ್ಟೆ. ಅವನು ನನ್ನ ಜಡೆ ಎಳೆದು, ಊರಿನವರಿಗೆಲ್ಲ ಅವರವರ ಮರಿ ಸೇರಿಸಿಯೇನು, ಅವ್ವ ನನ್ನ ಕೈಯಿಂದ ಒಂದು ಕಡ್ಡಿ ಇಸಿದುಕೊಂಡ ದಿನ ನಾನು ಗೆದ್ದ ಹಾಗೆ ಎಂದಿದ್ದ. ನಗುತ್ತಲೇ ಹೇಳಿದ್ದ. ನನಗೆ ಮಾತ್ರ ನಗು ಬರಲಿಲ್ಲ.

ಅವನು ವಿದ್ಯೆ ಕಲಿತದ್ದು ಯಾವ ಗುರುವಿನ ಹತ್ತಿರವೂ ಅಲ್ಲ. ಹೊಸದುರ್ಗದಲ್ಲಿ ನೋಡಿದ ಆ ಒಂದು ಆಟ, ಹಳೆ ಪೇಪರಿನಂಗಡಿಯಲ್ಲಿ ಆರಿಸಿದ ಮೂರು ನಾಲ್ಕು ಹರಕು ಪುಸ್ತಕ, ಮತ್ತೆ ನಾನು. ಹೌದು, ನಾನೇ ಅವನ ಸ್ಲೇಟು. ಶಾಲೆಯಿಂದ ಬಂದ ಕೂಡಲೇ ಜಗಲಿಯ ಮೇಲೆ ಎದುರುಬದುರು ಕೂರುವುದು. ನಾನು ಒಂದು ಕಡಲೆಕಾಯಿಯನ್ನು ಬೆನ್ನ ಹಿಂದೆ ಆ ಕೈಗೂ ಈ ಕೈಗೂ ಬದಲಾಯಿಸಿ ಎರಡು ಮುಷ್ಟಿ ಮುಂದೆ ಹಿಡಿಯಬೇಕು. ಯಾವುದರಲ್ಲಿದೆ ಎಂದು ಅವನು ಹೇಳಬೇಕು. ಹೇಳಿದರೆ ಕಾಯಿ ಅವನಿಗೆ, ತಪ್ಪಿದರೆ ನನಗೆ. ಆ ವರ್ಷವೆಲ್ಲ ನನಗೆ ಕಡಲೆಕಾಯಿ ಸಿಕ್ಕಿದ್ದು ಅಷ್ಟರಲ್ಲೇ ಇದೆ. ಮುಖ ಗಂಟಿಕ್ಕಿದೆ, ಕಣ್ಣು ಮುಚ್ಚಿದೆ, ಉಸಿರು ಬಿಗಿಹಿಡಿದೆ, ಏನೂ ನಡೆಯಲಿಲ್ಲ. ಕೊನೆಗೆ ಅಳುವಂತಾದಾಗ ಮಾಮ ಗುಟ್ಟು ಬಿಚ್ಚಿದ.

"ಲೇ ರೇಣಿ, ಮುಖ ಸುಳ್ಳು ಹೇಳ್ತೈತೆ. ಕೈ ಹೇಳಲ್ಲ. ಕೊಡಾಕೆ ಇಷ್ಟ ಇಲ್ದೋರ ಕೈ ಬಿಗೀತೈತೆ, ಬೇಕು ಅನ್ನೋರ ಕೈ ತಾನಾಗೇ ತೆರೀತೈತೆ. ನೀನು ಯಾವಾಗ್ಲೂ ಕೈ ನೋಡು."

ಅಂದಿನಿಂದ ಇಂದಿನವರೆಗೂ ನಾನು ಜನರ ಕೈಯನ್ನೇ ನೋಡುತ್ತೇನೆ. ಮದುವೆಗೆ ಹೆಣ್ಣು ನೋಡಲು ಬಂದವರ ಕೈಯನ್ನೂ ನೋಡಿಯೇ ಒಪ್ಪಿದ್ದು, ಆ ಕಥೆ ಬೇರೆ.

ಮಾಮನ ಮೊದಲ ಆಟ ನಮ್ಮೂರಿನ ಶಾಲೆಯಲ್ಲೇ ಆಯಿತು. ಹೊಸದುರ್ಗದ ದರ್ಜಿಯೊಬ್ಬನ ಕೈಯಲ್ಲಿ ಹೊಲಿಸಿದ ಕರಿ ಕೋಟು, ಎಡಹೆಗಲಿಗೆ ಮಡಿಸಿ ಹಾಕಿದ ಕಂಬಳಿ, ಹಣೆಗೆ ಭಂಡಾರದ ಅರಿಸಿನ, ಕಾಲಿಗೆ ಮೆಟ್ಟು ಇಲ್ಲ. ಪೋಸ್ಟರಿನಲ್ಲಿ 'ಮನೋವೇದಿ ಪ್ರೊಫೆಸರ್ ಮೈಲಾರಿ' ಎಂದು ಹಾಕಿಸಿದ್ದ. ಯಾವ ಕಾಲೇಜಿನ ಪ್ರೊಫೆಸರು ಇವನು, ಏಳನೇ ಕ್ಲಾಸಿನದೋ ಎಂಟನೇ ಕ್ಲಾಸಿನದೋ ಎಂದು ಅಜ್ಜಿ ರೊಪ್ಪದಿಂದಲೇ ಕೇಳಿದಳು. ಆಟಕ್ಕೆ ಮಾತ್ರ ಬರಲಿಲ್ಲ. ಎದುರಿಗಿರುವವನ ಮನಸ್ಸು ತನಗೆ ಗೊತ್ತು ಎನ್ನುವುದು ದೇವರ ಮಾತು, ಮನುಷ್ಯ ಅಂದರೆ ಸುಳ್ಳಾಗುತ್ತದೆ, ಸುಳ್ಳನ್ನು ನೋಡಲು ಜಮಖಾನೆ ಹಾಸಿಕೊಂಡು ಕೂರುವವಳು ನಾನಲ್ಲ ಎಂದಳು. ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಮಾಮನ ಆಟವೆಲ್ಲ ಹಗಲು ಹೊತ್ತಿನಲ್ಲೇ. ಪರದೆಯಿಲ್ಲ, ಬಣ್ಣದ ದೀಪವಿಲ್ಲ. ಹಾಗಿದ್ದೂ ಅವನು ಬಂದು ನಿಂತರೆ ಮಕ್ಕಳ ಸದ್ದೂ ಅಡಗುತ್ತಿತ್ತು. ಮನೆಯಲ್ಲಿ ಉಪ್ಪು ಕೇಳಲೂ ನಾಚುವ ನಮ್ಮ ಮಾಮ ಇವನೇನಾ ಎನಿಸುತ್ತಿತ್ತು. ಭುಜ ಅಗಲವಾಗಿ, ದನಿ ಬಾವಿಯಿಂದ ಬಂದಂತೆ ಆಳವಾಗಿ, ಒಂದೊಂದು ಹೆಜ್ಜೆಗೂ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಎಂದರೆ ಆ ಹೆಜ್ಜೆ ಇಡುವವರೆಗೆ ನಮ್ಮ ಉಸಿರು ನಮಗೆ ವಾಪಸ್ಸು ಬರುತ್ತಿರಲಿಲ್ಲ.

ಆಟ ಹೀಗೆ. ಮಾಮ ಬೇರೆ ಕೋಣೆಗೆ ಹೋಗುವನು. ಊರಿನ ದೊಡ್ಡವರೊಬ್ಬರು ಬುಟ್ಟಿ ಹಿಡಿದು ಜನರ ನಡುವೆ ತಿರುಗುವರು. ಇಷ್ಟ ಇದ್ದವರು ತಮ್ಮದೊಂದು ವಸ್ತುವನ್ನು ಅದರೊಳಗೆ ಹಾಕಬೇಕು: ಬೀಗದ ಕೈ, ಬಾಚಣಿಗೆ, ಎಲೆಚೀಲ, ಕನ್ನಡಕ. ಮೇಲೆ ಟವೆಲು ಮುಚ್ಚಿ ಬುಟ್ಟಿಯನ್ನು ಮುಂದಿಟ್ಟ ಮೇಲೆ ಮಾಮ ಬರುವನು. ಒಂದೊಂದನ್ನೇ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ಸಾಲಿನ ಮುಂದೆ ನಡೆಯುವನು. ಯಾರನ್ನೂ ಏನೂ ಕೇಳುವುದಿಲ್ಲ. ಎಲ್ಲೋ ಒಂದು ಕಡೆ ಅವನ ಕಾಲು ನಿಲ್ಲುವುದು. "ನಿಮ್ಮ ಮರಿ. ಹಿಡ್ಕಳ್ರಿ" ಎಂದು ಯಾರ ಕೈಗೆ ಇಡುತ್ತಾನೋ ಅದು ಅವರದೇ! ಇಪ್ಪತ್ತು ವಸ್ತು ಇದ್ದರೆ ಇಪ್ಪತ್ತೂ ಸರಿ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನನಗೆ ಅಂಗೈ ಉರಿದು ಕೆಂಪಾದರೂ ನಿಲ್ಲಿಸುವ ಮನಸ್ಸಾಗುತ್ತಿರಲಿಲ್ಲ. ಇವನು ನಮ್ಮ ಮಾಮ ಎಂದು ಅಕ್ಕಪಕ್ಕದವರಿಗೆಲ್ಲ ಮೊಣಕೈಯಿಂದ ತಿವಿದು ಹೇಳುತ್ತಿದ್ದೆ.

ಅವನ ಬರವಣಿಗೆಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹೊಸದುರ್ಗದ ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾದ, ಅಂಗೈಯಷ್ಟಗಲದ ಮೂರು ಪುಸ್ತಕ. ಆಟ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹಂಚುತ್ತಿದ್ದ. ಮೊದಲನೆಯದರ ಮೊದಲ ಸಾಲು ನನಗೆ ಇವತ್ತಿಗೂ ಬಾಯಿಪಾಠ: 'ನನಗೆ ಯಾವ ಶಕ್ತಿಯೂ ಇಲ್ಲ. ಇದ್ದಿದ್ದರೆ ನಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಮೊದಲು ಹೇಳುತ್ತಿದ್ದೆ.' ಹೀಗೆ ಶುರುವಾಗಿ, ಕುರಿ ಕಾಯುವವನಂತೆ ಸಾವಕಾಶ ನಡೆಯುವ ಬರಹ. ಒಂದು ಕಡೆ ಬರೆದಿದ್ದಾನೆ: 'ವಸ್ತು ಯಾರದಲ್ಲವೋ ಅವರು ವಸ್ತುವನ್ನು ನೋಡುತ್ತಾರೆ. ಯಾರದೋ ಅವರು ನನ್ನನ್ನು ನೋಡುತ್ತಾರೆ.' ಎಷ್ಟು ಸಲೀಸಾದ ಮಾತು, ಆದರೆ ಇದನ್ನು ಬರೆಯಲು ಎಷ್ಟು ಸಂಜೆ ರೊಪ್ಪದಲ್ಲಿ ನಿಂತಿರಬೇಕು! ನಾನು ಆಮೇಲೆ ಕಾಲೇಜು ಓದಿದೆ, ದಪ್ಪ ದಪ್ಪ ಪುಸ್ತಕ ಓದಿದೆ. ಮನುಷ್ಯರನ್ನು ಇಷ್ಟು ಹತ್ತಿರದಿಂದ ನೋಡಿ, ನೋಡಿದ್ದಕ್ಕಾಗಿ ಜಂಬ ಪಡದೆ ಬರೆದವರು ನನಗೆ ಹೆಚ್ಚು ಜನ ಸಿಗಲಿಲ್ಲ. ಅಷ್ಟೆಲ್ಲ ಬಿಚ್ಚಿ ಬರೆದರೂ ಜನ ನಂಬಿದ್ದು ಮಾತ್ರ ಶಕ್ತಿಯನ್ನೇ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಓದದೆ, ದೇವರ ಗೂಡಿನಲ್ಲಿಟ್ಟುಬಿಡುತ್ತಿದ್ದರು.

ಅದರಿಂದಲೇ ಮಾಡದಕೆರೆಯ ಆ ಪೇಚು ಬಂದದ್ದು. ನಾನು ಅಲ್ಲಿರಲಿಲ್ಲ, ಸುದ್ದಿ ಮಾಮನಿಗಿಂತ ಮುಂಚೆ ಮತ್ತೋಡು ಮುಟ್ಟಿತ್ತು. ಬುಟ್ಟಿಯ ಕೊನೆಯ ವಸ್ತು ಒಂದು ಹಳೆ ಟವೆಲು. ಮಾಮ ಅದನ್ನು ಹಿಡಿದು ನಡೆದ, ಒಬ್ಬ ಹೆಂಗಸಿನ ಮುಂದೆ ನಿಂತ, ಆದರೆ ಕೊಡಲಿಲ್ಲ. ಇದು ನಿಮ್ಮದಲ್ಲ ಎಂದ. ಆಕೆ ಹೌದೆಂದಳು. ಅದು ಆಕೆಯ ಗಂಡನದು, ಕಾಫಿ ತೋಟದ ಕೆಲಸಕ್ಕೆಂದು ಹೋದವನು ಮೂರು ವರ್ಷವಾದರೂ ತಿರುಗಿ ಬಂದಿಲ್ಲ, ಇಷ್ಟು ತಿಳಿದವರು ಅವನೆಲ್ಲಿದ್ದಾನೆ ಎಂದೂ ಹೇಳಬೇಕು ಎಂದು ಸೆರಗೊಡ್ಡಿದಳು. ಊರಿಗೆ ಊರೇ ಉಸಿರು ಹಿಡಿದು ಕುಳಿತಿತ್ತಂತೆ. ಬಡಗು ದಿಕ್ಕಿನಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ ಎಂದು ಒಂದು ಮಾತು ಎಸೆದಿದ್ದರೆ ಸಾಕಿತ್ತು, ಮಾಮ ಆವತ್ತೇ ದೇವರಾಗುತ್ತಿದ್ದ. ಅವನು ಕೋಟು ಹಾಕಿಕೊಂಡೇ ಆಕೆಯ ಮುಂದೆ ನೆಲದ ಮೇಲೆ ಕುಳಿತ. ಟವೆಲನ್ನು ನೀಟಾಗಿ ಮಡಿಸಿದ.

"ಅವ್ವಾ, ನನಗೆ ತಿಳಿಯಲ್ಲ. ಎದುರಿಗೆ ಕುಂತೋರ ಕಣ್ಣು ಕೈ ನೋಡಿ ಹೇಳ್ತೀನಿ ಅಷ್ಟೆ. ಇಲ್ಲಿಲ್ದೋರ ಸುದ್ದಿ ನನ್ನ ತಾವ ಇಲ್ಲ."

ಆಕೆ ಟವೆಲು ಇಸಿದುಕೊಂಡು ಎದ್ದು ಹೋದಳಂತೆ. ಜನ ಮಾತ್ರ ಬಿಡಲಿಲ್ಲ. ಗೊತ್ತಿಲ್ಲದ ಮೇಲೆ ಪ್ರೊಫೆಸರ್ ಯಾಕಂತೆ ಎಂದರು, ಪೋಸ್ಟರು ಹರಿದರು. ಆಮೇಲೆ ಒಂದೆರಡು ತಿಂಗಳು ಅವನನ್ನು ಯಾವ ಊರಿನವರೂ ಆಟಕ್ಕೆ ಕರೆಯಲಿಲ್ಲ. ಮಾಮ ಕೋಟು ಮಡಿಸಿ ಟ್ರಂಕಿಗೆ ಹಾಕಿ ಮಂದೆಯ ಹಿಂದೆ ಹೊರಟ. ಅಜ್ಜಿ ಈ ಸುದ್ದಿಯನ್ನು ಮೂರು ನಾಲ್ಕು ಬಾಯಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು. ಕೊನೆಗೆ ರಾಮಗಿರಿಯ ಶಾಲೆಯ ಮೇಷ್ಟ್ರೊಬ್ಬರು, ಮಾಮನ ಪುಸ್ತಕವನ್ನು ನಿಜವಾಗಿಯೂ ಓದಿದ್ದವರು, ಭಾನುವಾರ ಮಧ್ಯಾಹ್ನ ಆಟಕ್ಕೆ ಬರಬೇಕೆಂದು ಕಾಗದ ಬರೆದರು. ಶನಿವಾರ ಸಂಜೆ ಮರಿ ಸೇರಿಸುತ್ತಾ ಅಜ್ಜಿ, ತಲೆ ಎತ್ತದೆ, ನನ್ನನ್ನು ಕರೆದು ಹೇಳಿದಳು: "ಲೇ ರೇಣಿ, ನಾಳೆ ಬಿಳೇ ಸೀರೆ ತೆಗೆದಿಡು. ರಾಮಗಿರಿಗೆ ಹೋಗಾಣ."

ಆ ಪ್ರಯಾಣವನ್ನು ಹೇಗೆ ಹೇಳಲಿ! ಹೊಸದುರ್ಗಕ್ಕೆ ಬಸ್ಸು, ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಟೆಂಪೋ, ಆಮೇಲೆ ಪ್ಯಾಸೆಂಜರ್ ರೈಲು. ಅಜ್ಜಿಗೆ ಅದೇ ಮೊದಲ ರೈಲು. ಕಿಟಕಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಲದಲ್ಲಿ ಕಂಡ ಪ್ರತಿ ಕುರಿಮಂದೆಯನ್ನೂ ಚೆನ್ನಾಗಿ ಮೇದಿವೆ, ಇವಕ್ಕೆ ಕಾಲುಬೇನೆ ಎಂದು ಗೊಣಗುತ್ತಾ ಬಂದಳು. ಮಾಮ ನಮಗಿಂತ ಮುಂಚೆ ಹೋಗಿದ್ದ. ನಾವು ಬರುವುದು ಅವನಿಗೆ ಗೊತ್ತಿರಲಿಲ್ಲ. ರಾಮಗಿರಿಯ ಗುಡ್ಡ ಕಂಡಾಗ ನಾನು ಕುಣಿದೇ ಬಿಟ್ಟೆ. ಅಜ್ಜಿಯ ಸೊಂಟದ ಚೀಲದಲ್ಲಿ ಏನೋ ಗಡುಸಾಗಿ ತಗಲುತ್ತಿತ್ತು, ಏನೆಂದು ಕೇಳಿದರೆ ಕೈ ಸರಿಸಿದಳು.

ಶಾಲೆಯ ದೊಡ್ಡ ಹಾಲ್ ಜನರಿಂದ ತುಂಬಿತ್ತು. ನಾವು ಮೂರನೆಯ ಸಾಲಿನ ತುದಿಯಲ್ಲಿ ಕುಳಿತೆವು. ಮೇಷ್ಟ್ರು ಬುಟ್ಟಿ ಹಿಡಿದು ಬಂದಾಗ ಅಜ್ಜಿ ಸೊಂಟದ ಚೀಲ ಬಿಚ್ಚಿ, ಸದ್ದಾಗದಂತೆ ಬಟ್ಟೆ ತುರುಕಿದ್ದ ಬೆಳ್ಳಕ್ಕನ ಗಂಟೆಯನ್ನು ತೆಗೆದು ಟವೆಲಿನ ಕೆಳಗೆ ಜಾರಿಸಿದಳು. ಮಾಮ ಇವತ್ತು ಇದನ್ನು ಅಜ್ಜಿಯ ಕೈಗೆ ಕೊಡಬೇಕು, ಅಜ್ಜಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುತ್ತಾಳೋ? ಅಷ್ಟು ಜನರಲ್ಲಿ ಆಟದ ಒಳಗೆ ಇನ್ನೊಂದು ಆಟ ನಡೆಯುತ್ತಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಮಾಮ ಬಂದ. ಆವತ್ತಿನಂಥ ಆಟವನ್ನು ಅವನು ಹಿಂದೆಯೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಮೊದಲ ವಸ್ತು ಒಂದು ಸೀಟಿ, ಅದನ್ನು ಹಿಡಿದು ನೆಟ್ಟಗೆ ರೈಲ್ವೆಯ ಗ್ಯಾಂಗ್‌ಮನ್ ಹತ್ತಿರ ಹೋದ. ಆಮೇಲೆ ಒಂದು ಕಿವಿಯೋಲೆ, ಒಂದು ನಶ್ಯದ ಡಬ್ಬಿ, ಒಂದು ಕಂಪಾಸ್ ಪೆಟ್ಟಿಗೆ. ಅಕ್ಕತಂಗಿಯರಿಬ್ಬರು ಪರೀಕ್ಷೆ ಮಾಡಲೆಂದು ಒಬ್ಬರ ಬಳೆ ಇನ್ನೊಬ್ಬರು ಬುಟ್ಟಿಗೆ ಹಾಕಿದ್ದರು. ಮಾಮ ಒಂದು ಬಳೆಯನ್ನು ತಂಗಿಯ ಕೈಗೆ ಇಡುವ ಹಾಗೆ ಮಾಡಿ, ನಿಂತು, ನಕ್ಕು, ಅಕ್ಕನ ಕೈಗೆ ಇಟ್ಟ. ತಾಯಿ ಬದಲಾಯಿಸಿದರೆ ಮರಿ ಬದಲಾಗುತ್ತದೆಯೇ ಎಂದ. ಸೂರು ಹಾರಿಹೋಗುವಂತೆ ಕೇಕೆ ಬಿತ್ತು! ಮಾಡದಕೆರೆಯ ಸುದ್ದಿ ಕೇಳಿ ಗೇಲಿ ಮಾಡಲೆಂದೇ ಬಂದಿದ್ದ ಗಡ್ಡದವನೊಬ್ಬ ತನ್ನ ಗಡಿಯಾರ ವಾಪಸ್ಸು ಬಂದಾಗ ಕೈಮುಗಿದ. ಅಜ್ಜಿಯ ಕಡೆ ವಾರೆಗಣ್ಣಿನಲ್ಲಿ ನೋಡಿದೆ. ಅವಳು ಸಂಜೆ ರೊಪ್ಪದಲ್ಲಿ ಕೂರುವ ಹಾಗೆ ಕುಳಿತಿದ್ದಳು. ಮಾಮ ಒಂದೊಂದು ವಸ್ತು ಎತ್ತಿದಾಗಲೂ ಅವನಿಗಿಂತ ಮುಂಚೆ ಅವಳ ಕಣ್ಣು ಅದರ ಯಜಮಾನನ ಕಡೆ ಹೋಗುತ್ತಿತ್ತು. ತನ್ನ ವಿದ್ಯೆ ಮಗನ ಕೈಯಲ್ಲಿ ಏನಾಗಿದೆ ಎಂದು ಅವಳು ಆವತ್ತೇ ಮೊದಲು ಕಂಡದ್ದು.

ಬುಟ್ಟಿಯ ತಳದಲ್ಲಿ ಗಂಟೆ ಉಳಿಯಿತು. ಮಾಮ ಎತ್ತಿದ. ಬಟ್ಟೆ ಬಿದ್ದುಹೋಗಿ ಅದು ಒಮ್ಮೆ ಢಣ್ ಎಂದಿತು. ಜನರಿಗೆ ಏನೂ ತಿಳಿಯಲಿಲ್ಲ, ಪ್ರೊಫೆಸರ್ ಮೈಲಾರಿ ಇದ್ದಕ್ಕಿದ್ದಂತೆ ನಮ್ಮ ಮನೆಯ ಮಾಮನಾದದ್ದು ನನಗೆ ತಿಳಿಯಿತು. ಭುಜ ಕುಗ್ಗಿತು. ತಲೆ ಎತ್ತಿ ಸಾಲಿನಲ್ಲಿ ನಮ್ಮನ್ನು ಕಂಡ. ಕೆಳಗಿಳಿದು ಬಂದ, ಅಂಥ ನಿಧಾನದ ನಡಿಗೆಯವನು ಈಗ ಎಡವುತ್ತಾ ಬಂದ. ಕಣ್ಣು ಗಂಟೆಯ ಮೇಲೇ ಇತ್ತು. ಅಜ್ಜಿಯ ಮುಖ ಕಲ್ಲು. ಆದರೆ ನಾನು ಮುಖ ನೋಡುವವಳಲ್ಲವಲ್ಲ, ಕೈ ನೋಡಿದೆ. ತೊಡೆಯ ಮೇಲೆ, ಸೆರಗಿನ ಅಂಚಿನ ಕೆಳಗೆ, ಅಜ್ಜಿಯ ಬಲಗೈ ಮೇಲ್ಮುಖವಾಗಿ ತಿರುಗಿತ್ತು. ಬೆರಳು ಒಂದೊಂದಾಗಿ ಬಿಚ್ಚಿಕೊಂಡು, ಅಂಗೈ ಪೂರಾ ತೆರೆದಿತ್ತು.

ಮಾಮ ಅವಳ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಗಂಟೆಯನ್ನು ನನ್ನ ಕೈಗೆ ಹಾಕಿ, ಈ ಮರಿ ಇವಳದು ಎಂದ.

ಜನರಲ್ಲಿ ಗುಸುಗುಸು ಎದ್ದಿತು. ಬುಟ್ಟಿ ಹಿಡಿದಿದ್ದ ಮೇಷ್ಟ್ರು ಮುಜುಗರದಿಂದ, ಇದನ್ನು ಹಾಕಿದ್ದು ಈ ಹುಡುಗಿಯಲ್ಲ, ಪಕ್ಕದ ಅಜ್ಜಿ ಎಂದು ಹೇಳಿದರು. ಗಡ್ಡದವನ ತುಟಿಯಲ್ಲಿ ನಗು ವಾಪಸ್ಸು ಬಂತು. ಮಾಮ ತಲೆ ತಗ್ಗಿಸಿ ನಿಂತಿದ್ದ. ಮಾಡದಕೆರೆಯ ಮೇಲೆ ಇದೂ ಆದರೆ ಇನ್ನು ಕೋಟಿಗೆ ಟ್ರಂಕೇ ಗತಿ ಎಂದು ನನಗೂ ಗೊತ್ತಾಯಿತು. ಆಗ ಅಜ್ಜಿಯ ಕೈ ಮುಚ್ಚಿಕೊಂಡಿತು. ಅವಳು ಎದ್ದು ನಿಂತಳು.

"ತಪ್ಪಿಲ್ಲ ಕಣ್ರಪ್ಪ. ಹಾಕಿದ್ದು ನಾನೇ. ಇವಳಿಗೆ ಕೊಡಬೇಕಂತ ಮನಸಿನಾಗೆ ಇಟ್ಕಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಸರಿಯಾಗೇ ಹೇಳವ್ನೆ."

ಆಗ ಎದ್ದಂಥ ಸದ್ದು ನಾನು ಮತ್ತೆಂದೂ ಕೇಳಲಿಲ್ಲ. ಬೆಂಚು ಬಡಿದರು, ಟವೆಲು ತೂರಿದರು, ಹೇಳದ ಮಾತನ್ನೂ ಓದಿದನಲ್ಲ ಎಂದು ಗಡ್ಡದವನೇ ಮಾಮನನ್ನು ಹೆಗಲ ಮೇಲೆ ಎತ್ತಿದ! ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಅವನನ್ನು ಕರೆಯದ ಊರಿಲ್ಲ ಎನ್ನುವ ಹಾಗಾದದ್ದು ಆ ರಾಮಗಿರಿಯ ಗಂಟೆಯಿಂದಲೇ. ಸುಳ್ಳಿನ ಆಟ ನೋಡಲಾರೆ ಎಂದಿದ್ದ ಅಜ್ಜಿ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದು ಸುಳ್ಳೆಂದು ತಿಳಿದವಳೂ ನಾನೊಬ್ಬಳೇ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಗಂಟೆ ನನ್ನದಾಗಿತ್ತು. ಹೇಳಿದರೆ ಅಜ್ಜಿಗೆ ವಾಪಸ್ಸು ಕೊಡಬೇಕಾಗುತ್ತದೆ ಎಂಬ ಹೆದರಿಕೆ. ಎಂಟು ವರ್ಷದವಳ ಬುದ್ಧಿ ಅಷ್ಟೇ. ರೈಲಿನಲ್ಲಿ ಮಾಮ ಅಜ್ಜಿಗೆ ಕಡಲೆಕಾಯಿ ಪೊಟ್ಟಣ ತಂದ. ಒಂದು ಸಲ ಅವಳ ಮುಖ ನೋಡಿ, ಎಂದಿನಂತೆ ಸೀಟಿನ ಮೇಲೆ ಇಟ್ಟ. ಅವಳು ಎಂದಿನಂತೆ ಅಲ್ಲಿಂದ ಎತ್ತಿಕೊಂಡಳು.

ಹಾಗೇ ಉಳಿಯಿತು ಅದು. ನಾಲ್ಕು ವರ್ಷದ ಮೇಲೆ ಅಜ್ಜಿ ಹೋದಳು. ಕಡೆಯ ನೀರನ್ನೂ ಮಾಮ ಲೋಟದಲ್ಲಿ ಪಕ್ಕಕ್ಕಿಟ್ಟ, ನಾನು ಎತ್ತಿ ಬಾಯಿಗೆ ಬಿಟ್ಟೆ. ಅಜ್ಜಿಯಿಲ್ಲದ ಮೇಲೆ ಕುರಿಗಳೂ ಉಳಿಯಲಿಲ್ಲ. ಈಗ ರೊಪ್ಪವಿದ್ದ ಕಡೆ ಯಾರದೋ ಟ್ರಾಕ್ಟರಿನ ಶೆಡ್ಡು ಇದೆ, ಸಂಜೆಯ ಹೊತ್ತು ಆ ಬೀದಿಯಲ್ಲಿ ನಿಂತರೆ ಒಂದು ಮರಿಯ ಕೂಗೂ ಇಲ್ಲ. ಮಾಮ ಮದುವೆಯಾಗಲಿಲ್ಲ. ಮನಸ್ಸು ಓದುವವನಿಗೆ ಯಾರಪ್ಪ ಹೆಣ್ಣು ಕೊಡುತ್ತಾರೆ ಎಂದು ತಾನೇ ತಮಾಷೆ ಮಾಡುತ್ತಿದ್ದ. ಆಮೇಲಾಮೇಲೆ ಜನ ಫೋನಿನಲ್ಲೇ ಇಂಥವನ್ನೆಲ್ಲ ನೋಡತೊಡಗಿದರು. ನನ್ನ ಮಗಳು ಒಮ್ಮೆ ಯಾರೋ ಥಳಥಳ ಬಟ್ಟೆಯ ಯುವಕನ ಆಟ ತೋರಿಸಿದಾಗ ಮಾಮ ಕನ್ನಡಕ ಏರಿಸಿ ಕೊನೆತನಕ ನೋಡಿ, ಒಳ್ಳೆ ಕೈ ಐತೆ ಹುಡುಗಂದು ಎಂದು ಮನಸಾರೆ ಮೆಚ್ಚಿದ. ಹೋದ ವರ್ಷ ಅವನೂ ಹೋದ. ಟ್ರಂಕು ನನಗೆ ಬಂತು. ಪುಸ್ತಕಗಳು ನನಗೆ ಬಾಯಿಪಾಠ, ನೋಟುಬುಕ್ಕನ್ನು ಮಾತ್ರ ತೆರೆಯುವ ಧೈರ್ಯವಾಗಿರಲಿಲ್ಲ. ಕೊನೆಗೆ ಮಳೆಯೇ ಅದನ್ನು ತೆರೆಯಿಸಿತು.

ಒಂದೊಂದು ಹಾಳೆ ಬಿಡಿಸಿ ಬಿಸಿಲಿಗೆ ಹಿಡಿಯುತ್ತಿದ್ದೆ. ಪ್ರತಿ ಹಾಳೆಗೆ ಒಂದೂರು, ಒಂದಾಟ, ಯಾರ ವಸ್ತು ಹೇಗೆ ತಿಳಿಯಿತು ಎಂಬ ಟಿಪ್ಪಣಿ. ರಾಮಗಿರಿಯ ಹಾಳೆಯಲ್ಲಿ ಸೀಟಿ, ಬಳೆ, ಗಡಿಯಾರ ಎಲ್ಲ ಇದ್ದವು. ಕೆಳಗೆ, ಬೇರೆ ಶಾಯಿಯಲ್ಲಿ, ಬಹಳ ವರ್ಷದ ಮೇಲೆ ಬರೆದ ಹಾಗಿತ್ತು: 'ಗಂಟೆ. ಎಲ್ಲರೂ ಇದನ್ನೇ ನನ್ನ ದೊಡ್ಡ ಆಟ ಅನ್ನುತ್ತಾರೆ. ಅವತ್ತು ನಾನು ಏನೂ ಓದಲಿಲ್ಲ. ಕೊಟ್ಟಾಗ ಅವ್ವ ಇಸಿದುಕೊಳ್ಳದಿದ್ದರೆ ಏನು ಮಾಡಲಿ ಎಂದು ಹೆದರಿ ಮಗುವಿನ ಕೈಗೆ ಹಾಕಿದೆ. ಅವ್ವನ ಮುಖ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಮಗುವೇ ಅಂತೆ. ಒಳ್ಳೆಯದೇ ಆಯಿತು. ನಾನು ಕೊಟ್ಟಿದ್ದರೆ ಇಸಿದುಕೊಳ್ಳುತ್ತಿರಲಿಲ್ಲ.'

ನಾಲ್ಕು ಸಲ ಓದಿದೆ. ಅವನು ಇದ್ದಾಗ ನಾವಿಬ್ಬರೂ ಎಷ್ಟು ಸಾವಿರ ಸಲ ಎದುರುಬದುರು ಕುಳಿತಿದ್ದೇವೆ, ಎಷ್ಟು ಕಡಲೆಕಾಯಿ ಸುಲಿದಿದ್ದೇವೆ. ನಾನು ಒಂದೇ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಮೊದಲು ಗಂಟೆಯ ಆಸೆಗೆ ಹೇಳಲಿಲ್ಲ, ಆಮೇಲೆ ಮರೆತು ಹೇಳಲಿಲ್ಲ, ಅದಾದ ಮೇಲೆ ಈಗೇನು ಹೇಳುವುದು ಎಂದು ಹೇಳಲಿಲ್ಲ. ಊರಿನವರ ಮನಸ್ಸನ್ನೆಲ್ಲ ಓದಿದವನು ಎದುರಿಗೇ ಕುಳಿತ ನನ್ನ ಮುಷ್ಟಿಯಲ್ಲಿ ಇದೊಂದಿದೆ ಎಂದು ಓದಲಿಲ್ಲ. ಒಳಗೆ ಹೋಗಿ ಬಾಗಿಲ ಪಕ್ಕದ ಮೊಳೆಯಿಂದ ಗಂಟೆ ಬಿಚ್ಚಿ ತಂದೆ, ಗಾಳಿಗೆ ಹಾರದಂತೆ ಹಾಳೆಯ ಮೇಲಿಟ್ಟೆ. ಮಗಳ ಪೆನ್ಸಿಲು ತೆಗೆದುಕೊಂಡು ಅವನ ಕಡೆಯ ಸಾಲಿನ ಕೆಳಗೆ ಬರೆದೆ:

'ಮಾಮ, ಅಜ್ಜಿಯ ಕೈ ತೆರೆದಿತ್ತು. ನಾನು ನೋಡಿದ್ದೆ.'